ಎರಡು ಪುಟ್ಟ ಐಕ್ಸಸ್, ಒಂದು ಮಿರರ್‌ಲೆಸ್, 41,000 ಪುಟ: ನನ್ನ ಅನುಭವ

ಕಳೆದ ದೀಪಾವಳಿಯ ಹೊತ್ತಿಗೆ, ಸಾಗರ ಮತ್ತು ಸಿದ್ದಾಪುರದ ಸುತ್ತಲಿನ ಮನೆಗಳ ಅಟ್ಟದಿಂದ ಇಳಿಸಿದ ಹಳೆಯ ಪುಸ್ತಕಗಳು ಮತ್ತು ಕೈಬರಹದ ಯಕ್ಷಗಾನ ಪ್ರಸಂಗಗಳನ್ನು ಚಿತ್ರವಾಗಿಸುವ ನನ್ನ ಕೆಲಸ 41,000 ಪುಟಗಳ ಆಸುಪಾಸು ತಲುಪಿತು. ಇವುಗಳಲ್ಲಿ ಸುಮಾರು 36,000 ಪುಟಗಳನ್ನು ತೆಗೆದದ್ದು ಅಂಗಿಯ ಜೇಬಿನಲ್ಲಿ ಹಿಡಿಸುವ ಎರಡು ಕ್ಯಾನನ್ ಐಕ್ಸಸ್ 160 ಅಲ್ಟ್ರಾಕಾಂಪ್ಯಾಕ್ಟ್ ಕ್ಯಾಮೆರಾಗಳು. ಉಳಿದವನ್ನು ಮಾತ್ರ ಲೆನ್ಸ್ ಬದಲಿಸಬಹುದಾದ, ದೊಡ್ಡ ಸೆನ್ಸರಿನ ಸೋನಿ ಎ6000 ಮಿರರ್‌ಲೆಸ್ ತೆಗೆಯಿತು. ಈ ದಾರಿ ಹಿಡಿದಾಗ ಸ್ಟುಡಿಯೋ ನಡೆಸುವ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಒಳ್ಳೆಯ ಮಿರರ್‌ಲೆಸ್ ಕಪಾಟಿನಲ್ಲಿಟ್ಟು ಸೆಕೆಂಡ್‌ಹ್ಯಾಂಡ್ ಪಾಯಿಂಟ್ ಅಂಡ್ ಶೂಟ್ ಹಿಡಿಯುವುದು ಹಿನ್ನಡೆಯೆಂದು ಒಬ್ಬರು, ಮೊಬೈಲೇ ಸಾಕೆಂದು ಇನ್ನೊಬ್ಬರು ಹೇಳಿದರು. ಅವರಿಗೆ ತೋರಿಸಲು ಈಗ ಪುಟಗಳೇ ಇವೆಯಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಸುರಿದದ್ದು ಮಿರರ್‌ಲೆಸ್ಸಿಗೇ. ಹಳೆಯ ಬಾಡಿ ಸುಮಾರು 27,000 ರೂಪಾಯಿ, 30 ಮಿ.ಮೀ. ಮ್ಯಾಕ್ರೊ ಲೆನ್ಸ್ 13 ಅಥವಾ 14 ಸಾವಿರ, ಸ್ಟ್ಯಾಂಡು ಮತ್ತು ದೀಪಗಳಿಗೆ ಮತ್ತೆ 6,000 ಹೋಯಿತು. ಕ್ಯಾಮೆರಾವನ್ನು ಮೇಜಿನ ಮೇಲ್ಗಡೆ ಕೆಳಮುಖವಾಗಿ ಕಟ್ಟಿ, ಪುಸ್ತಕವನ್ನು ಮೇಜಿನ ಮೇಲೆ ಅಗಲವಾಗಿ ಬಿಡಿಸಿ, ಮೇಲೊಂದು ಗಾಜು ಇಟ್ಟು ತೆಗೆಯುತ್ತಿದ್ದೆ. ಎಂಬತ್ತು ತೊಂಬತ್ತು ವರ್ಷ ಮಲೆನಾಡಿನ ಮಳೆಗಾಲ ಕಂಡ ಪುಸ್ತಕ ಹಾಗೆ 180 ಡಿಗ್ರಿ ತೆರೆದುಕೊಳ್ಳುವುದಿಲ್ಲ. ಮೂರನೆಯ ವಾರದಲ್ಲಿ ಒಂದು ಪ್ರಸಂಗದ ಪುಸ್ತಕದ ಬೆನ್ನು ನನ್ನ ಗಾಜಿನ ಭಾರಕ್ಕೆ ಸೀಳಿತು. ಆ ಮನೆಯ ಹಿರಿಯರು ಒಂದು ಮಾತೂ ಆಡದೆ ಹಾಳೆಗಳನ್ನು ಜೋಡಿಸಿಕೊಂಡು ಬಟ್ಟೆಯಲ್ಲಿ ಕಟ್ಟಿಟ್ಟರು. ಅದನ್ನು ನೆನೆದರೆ ಈಗಲೂ ನೋವಾಗುತ್ತದೆ. ಗಾಜು ತೆಗೆದು ಪುಸ್ತಕವನ್ನು ಅರೆ ತೆರೆದಿಟ್ಟರೆ ಹಾಳೆ ಬೆನ್ನಿನ ಕಡೆ ಬಾಗುತ್ತದೆ, ಎಫ್/8ರಲ್ಲಿ (ಈ ಸಂಖ್ಯೆ ಹೆಚ್ಚಿದಷ್ಟೂ ಲೆನ್ಸಿನ ಕಂಡಿ ಕಿರಿದು, ಫೋಕಸ್ಸಿನ ಆಳ ಹೆಚ್ಚು) ಆ ಬಾಗು ಫೋಕಸ್ಸಿನಿಂದ ಹೊರಗೆ ಉಳಿಯುತ್ತದೆ. ಬರೆದವರು ಪದ್ಯದ ನೆತ್ತಿಯ ಮೇಲೆ ‘ಸೌರಾಷ್ಟ್ರ ತ್ರಿವುಡೆ’ ಎಂದು ರಾಗ ತಾಳ ಗುರುತಿಸಿರುವುದು ಎಷ್ಟೋ ಬಾರಿ ಆ ಬೆನ್ನಿನ ಅಂಚಿನಲ್ಲೇ. ಭಾಗವತರಿಗೆ ಬೇಕಾದದ್ದೇ ಮಸುಕಾದರೆ ಚಿತ್ರ ತೆಗೆದು ಪ್ರಯೋಜನವಿಲ್ಲ.

ಆದ್ದರಿಂದ ಪುಸ್ತಕವನ್ನು ಅರ್ಧಕ್ಕಿಂತ ಹೆಚ್ಚು ತೆರೆಯದ ವಿ ಆಕಾರದ ತೊಟ್ಟಿಲು ಮಾಡಿಸಿದೆ. ಹಲಸಿನ ಹಲಗೆ, ಊರಿನ ಬಡಗಿಯ ಕೈಕೆಲಸ, ಸುಮಾರು 3,500 ರೂಪಾಯಿ. ಎಡ ಮತ್ತು ಬಲ ಪುಟಗಳಿಗೆ ಒಂದೊಂದು ಕ್ಯಾಮೆರಾ ಎದುರಾಗಿ ನಿಲ್ಲಬೇಕು ಎಂದಾಗಲೇ ಲೆಕ್ಕ ತಿರುಗಿತು. ಇನ್ನೊಂದು ಎ6000 ಮತ್ತು ಅಂಥದೇ ಲೆನ್ಸಿಗೆ ಮತ್ತೆ 40,000 ಬೇಕಿತ್ತು. ಹಳೆಯ ಐಕ್ಸಸ್ ಒಂದೊಂದು 3,000ದಿಂದ 3,800 ರೂಪಾಯಿಗೆ ಸಿಕ್ಕಿತು. ಬೆಲೆಯ ಆಸೆಗೆ ಕೊಂಡೆನಾದರೂ ಅವುಗಳನ್ನು ಉಳಿಸಿಕೊಂಡದ್ದಕ್ಕೆ ಕಾರಣ ಬೇರೆ.

ಐಕ್ಸಸ್ ಸೆನ್ಸರಿನ ಅಗಲ 6.17 ಮಿ.ಮೀ., ಎ6000ದ್ದು 23.5. ಫೋಕಸ್ಸಿನ ಆಳದ ಲೆಕ್ಕದಲ್ಲಿ ಐಕ್ಸಸ್ಸಿನ ವೈಡ್ ತುದಿಯ ಎಫ್/3.2 ಫುಲ್‌ಫ್ರೇಮಿನ (36 ಮಿ.ಮೀ. ಅಗಲದ ಸೆನ್ಸರಿನ) ಎಫ್/18ಕ್ಕೆ ಸಮ, ಎ6000ದಲ್ಲಿರುವ ಎಪಿಎಸ್-ಸಿ ಅಳತೆಯ ಸೆನ್ಸರಿನ ಎಫ್/8 ಫುಲ್‌ಫ್ರೇಮಿನ ಎಫ್/12ಕ್ಕೆ ಸಮ. ಅಂದರೆ ಬಾಗಿದ ಹಾಳೆಯನ್ನು ಆ ಪುಟ್ಟ ಕ್ಯಾಮೆರಾ ಏನೂ ಕಷ್ಟಪಡದೆ ಅಂಚಿನಿಂದ ಬೆನ್ನಿನವರೆಗೆ ಓದುತ್ತದೆ. ಅದೇ ಆಳವನ್ನು ಮಿರರ್‌ಲೆಸ್ಸಿನಲ್ಲಿ ಪಡೆಯಲು ಅದರ ಲೆನ್ಸನ್ನೇ ಎಫ್/12ರವರೆಗೆ ಮುಚ್ಚಬೇಕು, ಆಗ ಅದೇ ಐಎಸ್‌ಒದಲ್ಲಿ (ಬೆಳಕಿಗೆ ಸೆನ್ಸರಿನ ಸಂವೇದನೆಯ ಮಟ್ಟ) ಐಕ್ಸಸ್ಸಿಗಿಂತ ಸುಮಾರು 14 ಪಟ್ಟು ಬೆಳಕು ಬೇಕು. ಐಎಸ್‌ಒ ಏರಿಸಬಹುದಲ್ಲ ಎಂದು ಕೇಳುವವರ ಮಾತು ಸರಿ. ಆದರೆ ಏರಿಸಿದ ಮೇಲೆ ದೊಡ್ಡ ಸೆನ್ಸರಿನ ಲಾಭ ಬಹುಪಾಲು ಅಲ್ಲಿಗೇ ಕರಗಿಹೋಗುತ್ತದೆ. ತೂಕದ ಮಾತೂ ಇದೆ. ಐಕ್ಸಸ್ 127 ಗ್ರಾಂ. ಎ6000 ಬಾಡಿಯೊಂದೇ 344 ಗ್ರಾಂ. ನನ್ನ ಸ್ಟ್ಯಾಂಡಿನ ತೋಳು ಮಿರರ್‌ಲೆಸ್ಸಿನ ಭಾರಕ್ಕೆ ಎರಡು ಗಂಟೆಯಲ್ಲಿ ಕೂದಲೆಳೆಯಷ್ಟು ಜಗ್ಗುತ್ತಿತ್ತು, 150ನೆಯ ಪುಟದ ಹೊತ್ತಿಗೆ ಕೆಳಗಿನ ಸಾಲು ಚೌಕಟ್ಟಿನಿಂದ ಹೊರಗಿರುತ್ತಿತ್ತು. ಐಕ್ಸಸ್ ಹೊತ್ತ ತೋಳು ಬೆಳಗಿನಿಂದ ಸಂಜೆಯವರೆಗೆ ಅಲುಗದೆ ನಿಲ್ಲುತ್ತದೆ.

ಐಕ್ಸಸ್‌ಗಳನ್ನು ನಡೆಸುವುದು ಸಿಎಚ್‌ಡಿಕೆ, ಅಂದರೆ ಮೆಮರಿ ಕಾರ್ಡಿನಿಂದ ಏಳುವ, ಕ್ಯಾನನ್ ಪುಟ್ಟ ಕ್ಯಾಮೆರಾಗಳನ್ನು ಸ್ಕ್ರಿಪ್ಟಿನಿಂದ ಆಳಲು ಬಿಡುವ, ಹವ್ಯಾಸಿಗಳು ಬರೆದ ಉಚಿತ ತಂತ್ರಾಂಶ. ಕ್ಯಾಮೆರಾದೊಳಗಿನ ಮೂಲ ತಂತ್ರಾಂಶದ (ಫರ್ಮ್‌ವೇರ್) ಆವೃತ್ತಿಗೆ ಸರಿಹೊಂದುವ ಬಿಲ್ಡ್ ಆರಿಸಿ, ಕಾರ್ಡನ್ನು ಲಾಕ್ ಮಾಡಿದರೆ ಅದು ತಾನೇ ಏಳುತ್ತದೆ, ಲಾಕ್ ಆದ ಕಾರ್ಡಿನ ಮೇಲೆಯೇ ಚಿತ್ರ ಬರೆಯುತ್ತದೆ. ಎರಡೂ ಕ್ಯಾಮೆರಾಗಳ ಯುಎಸ್‌ಬಿ ಕೇಬಲ್‌ಗಳನ್ನು ಹಳೆಯ ಹೊಲಿಗೆ ಮಿಷನ್ನಿನ ಮೋಟಾರ್ ಪೆಡಲಿನೊಳಗೆ ಕೂರಿಸಿದ ಒಂದೇ ಸ್ವಿಚ್ಚಿಗೆ ಜೋಡಿಸಿದ್ದೇನೆ. ಕಾಲಿನಿಂದ ಒತ್ತಿ ಬಿಟ್ಟರೆ ಎರಡೂ ಕ್ಲಿಕ್ ಆಗುತ್ತವೆ, ಕೈಗಳು ಹಾಳೆಗೇ ಮೀಸಲು. ಕೇಳಲು ಸುಲಭವಾಗಿರುವ ಈ ವ್ಯವಸ್ಥೆ ನಿಲ್ಲಲು ಸುಮಾರು ಐದು ತಿಂಗಳು ಹಿಡಿಯಿತು. ಮೊದಲ ದೊಡ್ಡ ಪುಸ್ತಕದಲ್ಲಿ ಆಟೋಫೋಕಸ್ ಬಿಟ್ಟಿದ್ದೆ. ಅಧ್ಯಾಯದ ಕೊನೆಯ ಖಾಲಿ ಪುಟ ಬಂದಾಗಲೆಲ್ಲ ಕ್ಯಾಮೆರಾ ಹಿಡಿತ ಸಿಗದೆ ತಡಕಾಡಿ ಎಲ್ಲೋ ನಿಂತಿತು, ಒಟ್ಟು 60ಕ್ಕೂ ಹೆಚ್ಚು ಪುಟ ಮತ್ತೆ ತೆಗೆಯಬೇಕಾಯಿತು, ಅದಕ್ಕಾಗಿ ಪುಸ್ತಕದ ಮನೆಗೆ ಎರಡನೆಯ ಬಾರಿ 38 ಕಿ.ಮೀ. ಹೋದೆ. ಈಗ ಸ್ಕ್ರಿಪ್ಟು ಜೂಮಿನ ಹೆಜ್ಜೆಯನ್ನೂ ಫೋಕಸ್ಸಿನ ದೂರವನ್ನೂ ಇಟ್ಟು ಲಾಕ್ ಮಾಡುತ್ತದೆ. ಬ್ಯಾಟರಿ 200 ಚಿತ್ರಕ್ಕೆ ಮುಗಿಯುತ್ತದೆಂದು ಹೊರಗಿನ ವಿದ್ಯುತ್ತನ್ನು ಕ್ಯಾಮೆರಾಕ್ಕೆ ದಾಟಿಸುವ ಡಮ್ಮಿ ಬ್ಯಾಟರಿ ಮಾಡಿ, ಮಳೆಗಾಲದ ಕರೆಂಟಿಗೆ ಹೆದರಿ 12 ವೋಲ್ಟ್ ಬ್ಯಾಟರಿಯಿಂದ ಕನ್ವರ್ಟರ್ ಮೂಲಕ ನಡೆಸಿದೆ. ಕನ್ವರ್ಟರಿನ ವೋಲ್ಟೇಜ್ ತಿರುಪನ್ನು ಅಳೆಯದೆ ಜೋಡಿಸಿದ್ದರಿಂದ ಒಂದು ಕ್ಯಾಮೆರಾ ಸುಟ್ಟುಹೋಯಿತು. 3,400 ರೂಪಾಯಿ ಹೋಯಿತು. ಅದರ ಜಾಗಕ್ಕೆ ಮೂರನೆಯದನ್ನು ಕೊಂಡೆ.

ಚಿತ್ರದ ಗುಣದ ಬಗ್ಗೆ ಯಾರೂ ನನ್ನ ಮಾತನ್ನು ನಂಬಬೇಕಿಲ್ಲವೆಂದು ಗೆರೆಗಳ ಚಾರ್ಟ್ ಮುದ್ರಿಸಿ ಅಳೆದೆ. ಎ4 ಪುಟ ತುಂಬುವಂತೆ ಇಟ್ಟರೆ ಐಕ್ಸಸ್ ಕಾಗದದ ಮೇಲೆ 440 ಡಿಪಿಐ (ಇಂಚಿಗೆ ಅಷ್ಟು ಚುಕ್ಕಿ), ಎ6000 484 ಡಿಪಿಐ ಕೊಡುತ್ತದೆ. 4:3 ಚೌಕಟ್ಟು ಪುಟಕ್ಕೆ ಚೆನ್ನಾಗಿ ಹೊಂದುವುದರಿಂದ 20 ಮತ್ತು 24 ಮೆಗಾಪಿಕ್ಸೆಲ್ ನಡುವಿನ ಅಂತರ ಇಷ್ಟಕ್ಕೇ ಇಳಿಯುತ್ತದೆ. ನಿಜವಾಗಿ ಬೇರ್ಪಟ್ಟು ಕಂಡದ್ದು ಐಕ್ಸಸ್ಸಿನಲ್ಲಿ ಮಿ.ಮೀ.ಗೆ 6 ಗೆರೆಜೋಡಿ (ಒಂದು ಕಪ್ಪು, ಒಂದು ಬಿಳಿ), ಮಿರರ್‌ಲೆಸ್ಸಿನಲ್ಲಿ 8ರ ಹತ್ತಿರ. 1.2 ಮೈಕ್ರಾನಿನ ಪಿಕ್ಸೆಲ್ ತನ್ನ ಪೂರ್ತಿ ಲೆಕ್ಕವನ್ನು ಒಪ್ಪಿಸುವುದಿಲ್ಲ. ಆದರೂ ಒಂದು ಜೋಡಿಗೆ ಎರಡು ಚುಕ್ಕಿಯಂತೆ 6 ಎಂದರೆ ಸುಮಾರು 300 ಡಿಪಿಐ. ಒತ್ತಕ್ಷರದ ಕೆಳಗಿನ ಸುರುಳಿ, ಅರ್ಕಾವತ್ತು, ‘ಪ’ ಮತ್ತು ‘ಷ’ಗಳ ನಡುವಿನ ಒಂದೇ ಗೆರೆಯ ವ್ಯತ್ಯಾಸ, ಎಲ್ಲವೂ ನಿಲ್ಲುತ್ತವೆ. ಪುಟಗಳನ್ನು ಸ್ಕ್ಯಾನ್ ಟೇಲರ್ ತಂತ್ರಾಂಶದಲ್ಲಿ ನೇರಗೊಳಿಸಿ, ಚಿತ್ರದಿಂದ ಅಕ್ಷರ ಓದುವ ಟೆಸೆರಾಕ್ಟ್ ತಂತ್ರಾಂಶಕ್ಕೆ ಕೊಟ್ಟಾಗ, ಅಚ್ಚಿನ ಪುಟಗಳಲ್ಲಿ ಎರಡೂ ಕ್ಯಾಮೆರಾಗಳ ತಪ್ಪುಗಳು ನನ್ನ ಎಣಿಕೆಗೆ ಹೆಚ್ಚುಕಡಿಮೆ ಸಮವಾಗಿ ಬಂದವು. ಐಕ್ಸಸ್ಸಿನಲ್ಲಿ ಡಿಎನ್‌ಜಿಯಲ್ಲಿ (ಸೆನ್ಸರಿನ ಕಚ್ಚಾ ಮಾಹಿತಿಯ ಕಡತ) ತೆಗೆದು ನೋಡಿದ್ದೂ ಆಯಿತು: ಕಾರ್ಡ್ ಬೇಗ ತುಂಬಿತು, ಪ್ರತಿ ಪುಟಕ್ಕೂ ಕಾಯಬೇಕಾಯಿತು, ಓದಲು ಹೆಚ್ಚಿನದೇನೂ ಸಿಗಲಿಲ್ಲ.

ಬೆಳಕಿನ ವಿಷಯದಲ್ಲಿ ಎರಡೂ ಬೇರೆ ಬೇರೆ ರೀತಿಯಲ್ಲಿ ಕಾಡಿದವು. ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಎ6000ದ ಪರದೆ ಶಟರ್ ವೇಗವಾಗಿದ್ದಾಗ ಪುಟದ ಮೇಲೆ ಪಟ್ಟೆ ಬಿತ್ತು. ಐಕ್ಸಸ್ಸಿನಲ್ಲಿ ಪಟ್ಟೆಯಿಲ್ಲ, ಒಂದು ಪುಟ ಬೆಳಗಿ ಇನ್ನೊಂದು ಮಂಕಾಯಿತು. ಎರಡಕ್ಕೂ 1/25 ಸೆಕೆಂಡು ಮದ್ದಾಯಿತು. ಅಟ್ಟದ ಹಲಗೆಯ ಮೇಲೆ ಯಾರಾದರೂ ನಡೆದರೆ ಆ ವೇಗದಲ್ಲಿ ಅಕ್ಷರ ಅದುರುತ್ತದೆಯಾದ್ದರಿಂದ ಈಗ ಜಗಲಿಯ ನೆಲದ ಮೇಲೆಯೇ ಕೂರುತ್ತೇನೆ. ಈ ಐಕ್ಸಸ್ಸಿನಲ್ಲಿ ಕಂಡಿಯನ್ನು ಕಿರಿದುಮಾಡುವ ಡಯಾಫ್ರಮ್ ಇಲ್ಲ, ಇರುವುದು ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಮಾತ್ರ. ಅದನ್ನು ಹೊರಗಿಡುವ ಆಜ್ಞೆ ಸ್ಕ್ರಿಪ್ಟಿನಲ್ಲಿ ಇರಲೇಬೇಕು, ಇಲ್ಲವಾದರೆ ಬಿಳಿ ಪುಟ ಕಂಡಾಗ ಕ್ಯಾಮೆರಾ ತಾನೇ ಅದನ್ನು ಎಳೆದುಕೊಳ್ಳುತ್ತದೆ.

ನಡುವೆ ಒಂದು ಪ್ರಯೋಗ ಮನಸ್ಸಿಗೆ ಬಹಳ ಸಂತೋಷ ಕೊಟ್ಟಿತು. ಒಂದು ಪ್ರಸಂಗದ ಹದಿನೈದು ಹಾಳೆಗಳ ಮೇಲೆ ತಾಂಬೂಲದ ಕೆಂಪು ಕಲೆ ಹರಡಿ ನೀಲಿ ಮಸಿಯ ಸಾಲುಗಳು ಮುಚ್ಚಿಹೋಗಿದ್ದವು. ಚಿತ್ರದ ಕೆಂಪು ಚಾನೆಲ್ ಒಂದನ್ನೇ ಬೇರ್ಪಡಿಸಿದಾಗ ಕಲೆ ಕಾಗದದೊಳಗೆ ಕರಗಿ, ಮಸಿ ಕಪ್ಪಾಗಿ ಎದ್ದು ಬಂತು. ಇಲ್ಲಿ ಮಾತ್ರ ಐಕ್ಸಸ್ ಸೋತಿತು. ನಾಲ್ಕು ಪಿಕ್ಸೆಲ್‌ಗಳಲ್ಲಿ ಒಂದೇ ಕೆಂಪನ್ನು ನೋಡುವುದರಿಂದ ಆ ಸಣ್ಣ ಸಿಸಿಡಿ ಸೆನ್ಸರಿನ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಳು ಕಂಡಿತು. ಅವೇ ಹಾಳೆಗಳನ್ನು ಎ6000ದಲ್ಲಿ ರಾ (ಕಚ್ಚಾ) ರೂಪದಲ್ಲಿ ತೆಗೆದಾಗ ಅಕ್ಷರ ತಿಳಿಯಾಗಿ ಬಂತು, ಅಳಿಸಿಹೋಗಿದೆ ಎಂದುಕೊಂಡಿದ್ದ ಏಳೆಂಟು ಪದ್ಯಗಳು ಮನೆಯವರಿಗೆ ಮರಳಿ ಸಿಕ್ಕವು.

ಕಡತ ಮತ್ತು ತಾಳೆಗರಿಗೂ ಮಿರರ್‌ಲೆಸ್ಸೇ ಬೇಕು. ಹುಣಸೆ ಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಕಡತ ಸ್ಲೇಟಿನಂತೆ ಹೊಳೆಯುತ್ತದೆ. ಆ ಕಪ್ಪಿನೊಳಗಿನ ಸವೆದ ಬೂದುಗೆರೆಯನ್ನು ಎತ್ತಲು ಐಕ್ಸಸ್ಸಿನ ಎಂಟು ಬಿಟ್ಟಿನ ಜೆಪಿಇಜಿ ಸಾಲದು. ಹೊಳಪನ್ನು ಕೊಲ್ಲಲು ದೀಪವನ್ನು ಎಲ್ಲಿ ಇಡುತ್ತೇನೆ, ಮಸೂರದ ಮುಂದೆ ಏನು ಹಿಡಿಯುತ್ತೇನೆ ಎಂಬುದನ್ನು ಬರೆಯುವುದಿಲ್ಲ. ಅದಕ್ಕೆ ಎರಡು ಮಳೆಗಾಲ ಕಳೆದಿದ್ದೇನೆ. ತಾಳೆಗರಿ ಒಂದು ಮೊಳ ಉದ್ದ, ಮೂರು ಬೆರಳು ಅಗಲ. ಅದನ್ನು ಮೂರು ತುಂಡಾಗಿ ತೆಗೆದು ಹೊಲಿಯುತ್ತೇನೆ. ಮಸಿ ತುಂಬದ ಗರಿಯಲ್ಲಿ ಕಂಟದ (ಬರೆಯುವ ಲೋಹದ ಮೊನೆಯ) ಗೀರು ಮಾತ್ರ ಇರುತ್ತದೆ, ಒಂದು ಪಕ್ಕದಿಂದ ನೆಲಮಟ್ಟದ ಬೆಳಕು ಬಿಟ್ಟಾಗ ಆ ಗೀರಿನ ದಡ ನೆರಳು ಚೆಲ್ಲಿ ಅಕ್ಷರವಾಗುತ್ತದೆ. ಈ ನೆರಳಿನ ಸೂಕ್ಷ್ಮವನ್ನು ಮ್ಯಾಕ್ರೊ ಲೆನ್ಸಿನಷ್ಟು ಚೆನ್ನಾಗಿ ಐಕ್ಸಸ್ ಎಂದೂ ಹಿಡಿಯಲಿಲ್ಲ.

ವೇಗದ ಲೆಕ್ಕ ಹೇಳುವುದಾದರೆ, ಗಟ್ಟಿಯಿರುವ ಅಚ್ಚಿನ ಪುಸ್ತಕದಲ್ಲಿ ಎರಡು ಐಕ್ಸಸ್‌ಗಳಿಂದ ಗಂಟೆಗೆ 500 ಪುಟ ಆರಾಮವಾಗಿ ಮುಗಿಯುತ್ತದೆ, ಪುಡಿಯಾಗುವ ಕೈಬರಹದಲ್ಲಿ 200. ಒಂದೇ ಮಿರರ್‌ಲೆಸ್ಸಿನಲ್ಲಿ ನಾನು ಗಂಟೆಗೆ 160 ದಾಟಿದ ನೆನಪಿಲ್ಲ. ಸುಟ್ಟದ್ದನ್ನೂ ಸೇರಿಸಿ ಮೂರು ಐಕ್ಸಸ್, ತೊಟ್ಟಿಲು, ಗಾಜು, ದೀಪ, ತಂತಿ ಎಲ್ಲ ಕೂಡಿ 19,000 ರೂಪಾಯಿ ಮೀರಿಲ್ಲ. ಮಿರರ್‌ಲೆಸ್ ಕಡೆಯ ಖರ್ಚು 47,000ದ ಹತ್ತಿರ. ಮೊದಲು ಒಪ್ಪದಿದ್ದ ಸ್ಟುಡಿಯೋ ಗೆಳೆಯರೊಬ್ಬರು ಕಳೆದ ತಿಂಗಳು ಬಂದು ತೊಟ್ಟಿಲಿನ ಅಳತೆ ಬರೆದುಕೊಂಡು ಹೋದರು. ಬೆನ್ನು ಸೀಳಿದ ಆ ಪ್ರಸಂಗದ ಪುಸ್ತಕವನ್ನು ಮನೆಯವರು ಈ ಬೇಸಿಗೆಯಲ್ಲಿ ಮತ್ತೆ ನನ್ನ ಕೈಗೆ ಕೊಟ್ಟರು. ಬಿಡಿ ಹಾಳೆಗಳಾಗಿದ್ದರಿಂದ ಒಂದೊಂದನ್ನೇ ತೊಟ್ಟಿಲಿನ ಒಂದು ಮಗ್ಗುಲಿಗಿಟ್ಟು ಒಂದೇ ಐಕ್ಸಸ್ಸಿನಲ್ಲಿ ತೆಗೆದೆ. 212 ಪುಟ, ಒಂದು ಮಧ್ಯಾಹ್ನದ ಕೆಲಸ.