ಜಠರ ದಾಟುವ ಪ್ರೊಬಯಾಟಿಕ್ ಮಣಿ ಕಟ್ಟುವುದು ಹೇಗೆ?

ಜಠರದ ಆಮ್ಲವನ್ನೂ ಪಿತ್ತವನ್ನೂ ದಾಟಿ ಕರುಳು ತಲುಪುವ ಹೊತ್ತಿಗೆ ಪ್ರೊಬಯಾಟಿಕ್ (ಕರುಳಿಗೆ ಒಳ್ಳೆಯದು ಮಾಡುವ) ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಸತ್ತಿರುತ್ತವೆ. ಅದಕ್ಕೇ ಅವನ್ನು ಆಲ್ಜಿನೇಟ್ (ಕಡಲಪಾಚಿಯಿಂದ ತೆಗೆಯುವ, ಕ್ಯಾಲ್ಸಿಯಂ ಸೇರಿದರೆ ಹೆಪ್ಪುಗಟ್ಟುವ ಅಂಟು) ಮಣಿಯೊಳಗೆ ಕೂರಿಸುವುದು. ಕ್ರಮ ಓದಲು ಸುಲಭ. ಮಾಡಲು ಕೂತವರು ಎಡವುವುದು ಹೆಚ್ಚಾಗಿ ಒಂದೇ ಕಡೆ, ಆಲ್ಜಿನೇಟ್ ಕರಗಿಸಿ ಹನಿಸುವಲ್ಲಿ.

1. ಬ್ಯಾಕ್ಟೀರಿಯಾ ಸಿದ್ಧತೆ

ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾವನ್ನು ಎಂಆರ್‌ಎಸ್ ಮಾಧ್ಯಮದಲ್ಲಿ (ಅದನ್ನು ಬೆಳೆಸುವ ಪೋಷಕ ದ್ರವ) 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 18ರಿಂದ 24 ಗಂಟೆ ಬೆಳೆಸಿ. ಬೆಳವಣಿಗೆ ನಿಂತ ಹಂತಕ್ಕೆ ಬಂದ ಕೋಶಗಳು ಆಮ್ಲವನ್ನು ಚೆನ್ನಾಗಿ ತಾಳುತ್ತವೆ, ಆತುರಪಟ್ಟು ಮೊದಲೇ ತೆಗೆಯಬೇಡಿ. ಸೆಂಟ್ರಿಫ್ಯೂಜ್ ಮಾಡಿ (ವೇಗವಾಗಿ ತಿರುಗಿಸಿ ಕೋಶಗಳನ್ನು ತಳಕ್ಕೆ ಕೂರಿಸಿ), 0.85% ಉಪ್ಪುನೀರಿನಲ್ಲಿ ಎರಡು ಸಲ ತೊಳೆದು, ಅದೇ ಉಪ್ಪುನೀರಿನ 20 ಮಿ.ಲೀ.ಯಲ್ಲಿ ಕದಡಿಡಿ. ಒಂದೇ ಸಲ ತೊಳೆದು ಮುಗಿಸಬೇಡಿ. ಎಂಆರ್‌ಎಸ್‌ನಲ್ಲಿ ಫಾಸ್ಫೇಟ್, ಸಿಟ್ರೇಟ್ ಎರಡೂ ಇವೆ. ಉಳಿದುಕೊಂಡರೆ ಮಣಿ ಗಟ್ಟಿಯಾಗಲು ಬೇಕಾದ ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುತ್ತವೆ. ಫಾಸ್ಫೇಟ್ ಬಫರ್‌ನಲ್ಲಿ ತೊಳೆಯಬಾರದು ಎನ್ನುವುದೂ ಇದೇ ಕಾರಣಕ್ಕೆ.

2. ಆಲ್ಜಿನೇಟ್ ಕರಗಿಸುವುದು

ಕೊನೆಗೆ ಬೇಕಾದದ್ದು 2% ದ್ರಾವಣ. 2 ಗ್ರಾಂ ಸೋಡಿಯಂ ಆಲ್ಜಿನೇಟನ್ನು 100 ಮಿ.ಲೀ. ನೀರಿಗೆ ಹಾಕಿ, ಆಮೇಲೆ ಕೋಶಗಳ 20 ಮಿ.ಲೀ. ಸೇರಿಸಿದರೆ ದ್ರಾವಣ ತೆಳುವಾಗಿ ಮಣಿ ಮೆತ್ತಗಾಗುತ್ತದೆ. ಆ 2 ಗ್ರಾಂ ಅನ್ನು 80 ಮಿ.ಲೀ.ಯಲ್ಲಿ ಕರಗಿಸಿ, ಕೋಶ ಸೇರಿದ ಮೇಲೆ ಲೆಕ್ಕ ಸರಿಹೋಗುತ್ತದೆ.

ನೀರು ಬಟ್ಟಿ ಇಳಿಸಿದ್ದೇ ಆಗಿರಲಿ. ಗಡಸು ನೀರಿನ ಕ್ಯಾಲ್ಸಿಯಂ ಪಾತ್ರೆಯಲ್ಲೇ ಆಲ್ಜಿನೇಟನ್ನು ಹೆಪ್ಪುಗಟ್ಟಿಸಿಬಿಡುತ್ತದೆ. ಮ್ಯಾಗ್ನೆಟಿಕ್ ಸ್ಟಿರರ್ ಜೋರಾಗಿ ತಿರುಗಿಸಿ, ನಡುವೆ ಏಳುವ ಸುಳಿಯ ಅಂಚಿಗೆ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಒಟ್ಟಿಗೆ ಸುರಿದರೆ ಗಂಟಿನ ಹೊರಮೈ ಮಾತ್ರ ನೆನೆದು ಲೋಳೆಯಾಗುತ್ತದೆ. ಅದು ನೀರನ್ನು ಒಳಗೆ ಬಿಡುವುದಿಲ್ಲ, ಒಳಗೆ ಒಣಪುಡಿ ಹಾಗೇ ಕೂರುತ್ತದೆ. ಅಂಥ ಗಂಟನ್ನು ಕಾಯಿಸಿ ಕರಗಿಸಲು ಹೋಗದೆ ಹೊಸದಾಗಿ ಶುರುಮಾಡಿ. ಪುಡಿ ಪೂರ್ತಿ ಸೇರಿದ ಮೇಲೆ ವೇಗ ತಗ್ಗಿಸಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಗಾಜಿನ ಕಡ್ಡಿ ಎತ್ತಿದರೆ ದ್ರಾವಣ ಎಳೆಯಾಗಿ ಒಂದೇ ಸಮ ಇಳಿಯಬೇಕು.

ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ) 121 ಡಿಗ್ರಿಯಲ್ಲಿ 15 ನಿಮಿಷ, ಒಂದೇ ಸಲ. ಬಿಸಿಗೆ ಆಲ್ಜಿನೇಟಿನ ಸರಪಳಿ ತುಂಡಾಗುತ್ತದೆ, ಎರಡನೇ ಸಲ ಇಟ್ಟರೆ ದ್ರಾವಣ ನೀರಾಗುತ್ತದೆ. ಕೈಗೆ ತಣ್ಣಗೆ ಅನ್ನಿಸುವಷ್ಟು ಆರಿದ ಮೇಲೆ ಕೋಶ ಬೆರೆಸಿ, ನಿಧಾನ ಕಲಕಿ, ಗಾಳಿಗುಳ್ಳೆ ಮೇಲೇಳಲು ಅರ್ಧ ಗಂಟೆ ಬಿಡಿ. ಗುಳ್ಳೆ ಉಳಿದ ಮಣಿ ತೇಲುತ್ತದೆ, ಸರಿಯಾಗಿ ಗಟ್ಟಿಯಾಗುವುದಿಲ್ಲ.

ಸಕ್ಕರೆಯನ್ನೋ ಬೇರೆ ಅಂಟನ್ನೋ ಬೆರೆಸಿದ ಅಗ್ಗದ ಆಲ್ಜಿನೇಟ್ ಪುಡಿ ಕೊಳ್ಳಬೇಡಿ. ಸ್ನಿಗ್ಧತೆಯ (ದ್ರಾವಣ ಎಷ್ಟು ಮಂದ ಎನ್ನುವುದರ) ಅಂಕಿ ಛಾಪಿಸದ ಪೊಟ್ಟಣವನ್ನು ಮುಟ್ಟದಿರುವುದೇ ಒಳ್ಳೆಯದು.

3. ಹನಿಸುವುದು

0.1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಬೇಕು. ಲೀಟರಿಗೆ ನೀರಿಲ್ಲದ ಲವಣವಾದರೆ 11.1 ಗ್ರಾಂ, ಡೈಹೈಡ್ರೇಟ್ (ನೀರು ಸೇರಿದ ಲವಣ) ಆದರೆ 14.7 ಗ್ರಾಂ. ತೂಗುವ ಮುನ್ನ ಡಬ್ಬಿಯ ಚೀಟಿ ಓದಿ. ದ್ರಾವಣದ ಪ್ರಮಾಣ ಆಲ್ಜಿನೇಟಿನ ಹತ್ತು ಪಟ್ಟಾದರೂ ಇರಲಿ, ಸ್ಟಿರರ್ ಮೆಲ್ಲಗೆ ತಿರುಗುತ್ತಿರಲಿ. ನಿಂತ ನೀರಿನಲ್ಲಿ ಮಣಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಸಿರಿಂಜಿಗೆ ತುದಿ ಚಪ್ಪಟೆಯಾಗಿರುವ 23 ಗೇಜ್ ಸೂಜಿ ಹಾಕಿ. ಓರೆ ತುದಿಯ ಸೂಜಿಯಲ್ಲಿ ಹನಿ ಒಂದು ಬದಿಗೆ ಜಾರಿ ಗಾತ್ರ ಕೆಡುತ್ತದೆ. ಸೂಜಿಯನ್ನು ನೆಟ್ಟಗೆ, ದ್ರಾವಣದಿಂದ ಸುಮಾರು 10 ಸೆಂ.ಮೀ. ಎತ್ತರದಲ್ಲಿ ಹಿಡಿಯಿರಿ. ತಗ್ಗಿಸಿದರೆ ಹನಿ ದುಂಡಾಗುವ ಮೊದಲೇ ಮುಳುಗಿ ಬಾಲ ಉಳಿಯುತ್ತದೆ, ತೀರಾ ಎತ್ತರಿಸಿದರೆ ಬಡಿದು ಚಪ್ಪಟೆಯಾಗುತ್ತದೆ. ಹನಿಹನಿಯಾಗಿಯೇ ಬೀಳಿಸಿ, ಧಾರೆ ಬೇಡ. ಸೂಜಿಯ ತುದಿಗೆ ಕ್ಯಾಲ್ಸಿಯಂ ದ್ರಾವಣ ಸಿಡಿದರೆ ಅಲ್ಲೇ ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ. ಒತ್ತಿ ಬಿಡಿಸಲು ಹೋಗಬೇಡಿ, ಸೂಜಿ ಬದಲಿಸಿ.

ಬಿದ್ದ ಕ್ಷಣಕ್ಕೇ ಹೊರಮೈ ಗಟ್ಟಿಯಾಗುತ್ತದೆ, ಆದರೆ ಒಳಗಿನ್ನೂ ದ್ರವ. ಐದನೇ ನಿಮಿಷಕ್ಕೆ ಎತ್ತಿದರೆ ಒತ್ತಡಕ್ಕೆ ಒಡೆದು ಲೋಳೆ ಸುರಿದೀತು. 30 ನಿಮಿಷ ಬಿಡಿ.

4. ಕೈಟೋಸಾನ್ ಹೊದಿಕೆ

ಬರೀ ಆಲ್ಜಿನೇಟ್ ಮಣಿ ರಂಧ್ರಗಳಿರುವ ಜಾಲರಿ, ಆಮ್ಲ ಒಳನುಗ್ಗುತ್ತದೆ. ಕೈಟೋಸಾನ್ (ಸಿಗಡಿ, ಏಡಿಯ ಚಿಪ್ಪಿನಿಂದ ತೆಗೆಯುವ ಅಂಟು) ಹೊದಿಸಿದರೆ ಅದು ತಗ್ಗುತ್ತದೆ, ಈ ಹಂತ ಬಿಡಬೇಡಿ. 0.4 ಮಿ.ಲೀ. ಗ್ಲೇಸಿಯಲ್ ಅಸಿಟಿಕ್ ಆಮ್ಲ ಸೇರಿಸಿದ 90 ಮಿ.ಲೀ. ನೀರಿನಲ್ಲಿ 0.4 ಗ್ರಾಂ ಕಡಿಮೆ ಅಣುತೂಕದ ಕೈಟೋಸಾನ್ ಕರಗಿಸಿ, ಪಿಎಚ್ 5.7ರಿಂದ 6ಕ್ಕೆ ತಂದು 100 ಮಿ.ಲೀ. ಮಾಡಿಕೊಳ್ಳಿ. ಪಿಎಚ್ 6.5 ದಾಟಿದರೆ ಕೈಟೋಸಾನ್ ಗಸಿಯಾಗಿ ಕೂರುತ್ತದೆ. ಮಣಿಗಳನ್ನು ಅದರಲ್ಲಿ 40 ನಿಮಿಷ ಮೆಲ್ಲಗೆ ಆಡಿಸಿ, ತೊಳೆದು, 4 ಡಿಗ್ರಿಯಲ್ಲಿಡಿ. ಸಾಮಾನ್ಯ ಜೆಲಾಟಿನ್ ಕ್ಯಾಪ್ಸೂಲಿಗೆ ತುಂಬಿಸಿದರೆ ಸಾಕು ಎನ್ನುವ ಅಡ್ಡದಾರಿ ನಡೆಯದು. ಅದು ಜಠರದಲ್ಲಿ ನಿಮಿಷಗಳಲ್ಲೇ ಕರಗುತ್ತದೆ.

5. ಪರೀಕ್ಷೆ

ಮಣಿಗಳನ್ನು ಪೆಪ್ಸಿನ್ (ಜಠರದ ಜೀರ್ಣ ಕಿಣ್ವ) ಹಾಕಿದ ಪಿಎಚ್ 2ರ ಕೃತಕ ಜಠರರಸದಲ್ಲಿ 37 ಡಿಗ್ರಿಯಲ್ಲಿ 2 ಗಂಟೆ, ಆಮೇಲೆ ಪಿತ್ತಲವಣದಲ್ಲಿ ಇಡಿ. ಮಣಿಯೊಳಗೆ ಕೂರಿಸದ ಕೋಶಗಳನ್ನೂ ಜೊತೆಯಲ್ಲೇ ಇಡಿ. ಹೋಲಿಕೆಯಿಲ್ಲದ ಅಂಕಿಗೆ ಬೆಲೆಯಿಲ್ಲ. ಎಣಿಕೆಗೆ ಮುಂಚೆ ಮಣಿಗಳನ್ನು 1% ಸೋಡಿಯಂ ಸಿಟ್ರೇಟ್‌ನಲ್ಲಿ ಪೂರ್ತಿ ಕರಗಿಸಿ. ಇಡೀ ಮಣಿಯನ್ನೇ ಬ್ಯಾಕ್ಟೀರಿಯಾ ಬೆಳೆಸಿ ಎಣಿಸುವ ತಟ್ಟೆಗೆ ಹಾಕಿದರೆ ಅದರೊಳಗೆ ಕೋಟಿ ಕೋಶಗಳಿದ್ದರೂ ಕಾಣುವುದು ಒಂದೇ ವಸಾಹತು (ಒಂದೆಡೆ ಬೆಳೆದ ಕೋಶಗಳ ಗುಂಪು). ಶೈತ್ಯದಲ್ಲಿಟ್ಟ ಮಣಿಗಳನ್ನು 7, 14, 28ನೇ ದಿನವೂ ಎಣಿಸಿ. ಸೇವಿಸುವ ದಿನ ಗ್ರಾಂಗೆ ಕನಿಷ್ಠ ಹತ್ತು ಲಕ್ಷ ಜೀವಂತ ಕೋಶಗಳು ಉಳಿದಿರಬೇಕು.