ರಾಗಿ ಒಳ್ಳೇದೇ, ಆದರೆ ಮುದ್ದೆ ಎಷ್ಟು ದಪ್ಪ?

ನಾನು ಟೈಲರ್. ಹೊಲಿಗೆ ಮಿಷನ್‌ಗೆ ಮೋಟಾರ್ ಹಾಕಿಸಿ ಮೂರು ವರ್ಷ ಆಯ್ತು. ಅಲ್ಲಿಂದ ಕಾಲಿಗೆ ಕೆಲಸವೇ ಇಲ್ಲ. ಹೋದ ವರ್ಷ ಎಚ್‌ಬಿಎ1ಸಿ ಟೆಸ್ಟ್ ಮಾಡಿಸಿದರೆ 6.2 ಬಂತು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಟೆಸ್ಟ್ ಅದು. 5.7ರಿಂದ 6.4ರವರೆಗೆ ಬಾರ್ಡರ್, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ.

ರಾಗಿ ತಿಂದ್ರೆ ಶುಗರ್ ಇಳಿಯುತ್ತೆ ಅಂತ ಕೇರಿಯವರೆಲ್ಲ ಹೇಳಿದರು. ಸರಿ, ಬೆಳಿಗ್ಗೆ ಬೆಲ್ಲ ಹಾಕಿದ ಗಂಜಿ, ಮಧ್ಯಾಹ್ನ ತೆಂಗಿನಕಾಯಿ ಗಾತ್ರದ ಮುದ್ದೆ, ರಾತ್ರಿ ಮತ್ತೆ ಅಂಥದ್ದೇ ಇನ್ನೊಂದು. ಮೂರು ತಿಂಗಳಾದ ಮೇಲೆ ನೋಡಿದರೆ 6.3! ಆಹಾರ ತಜ್ಞೆಯೊಬ್ಬರು ಕೇಳಿದ್ದು ಒಂದೇ ಮಾತು: "ಒಂದು ಮುದ್ದೆಗೆ ಹಿಟ್ಟು ಎಷ್ಟು ಹಾಕ್ತೀರಮ್ಮ?" ನನಗೆ ಗೊತ್ತಿರಲಿಲ್ಲ. ಬಟ್ಟೆನ ಕಾಲಿಂಚು ಬಿಡದೆ ಅಳೆಯೋಳು ನಾನು, ಹಿಟ್ಟನ್ನ ಯಾವತ್ತೂ ಅಳೆದಿರಲಿಲ್ಲ.

100 ಗ್ರಾಂ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ ಸುಮಾರು 78 ಗ್ರಾಂ. ರಾಗಿಯಲ್ಲಿ 67ರ ಆಸುಪಾಸು. ಅಷ್ಟೇ ವ್ಯತ್ಯಾಸ. ರಾಗಿಯಲ್ಲಿ ನಾರು ಸುಮಾರು 11 ಗ್ರಾಂ ಇದೆ, ಕ್ಯಾಲ್ಸಿಯಂ ಜಾಸ್ತಿ, ಅದು ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟನ್ನ ಗಂಜಿ ಮಾಡಿ ಕುಡಿದರೆ ಬೇಗ ಜೀರ್ಣವಾಗಿ ಸಕ್ಕರೆ ಏರಿಸುತ್ತೆ. ಮೇಲೆ ಬೆಲ್ಲ ಬೇರೆ.

ಈಗ ನಾನು ಮಾಡೋದು ಹೀಗೆ. ಒಬ್ಬರಿಗೆ 60 ಗ್ರಾಂ ಹಿಟ್ಟು. ಒಂದು ಸಲ ತಕ್ಕಡಿಯಲ್ಲಿ ತೂಗಿ, ಅಷ್ಟು ಹಿಡಿಯುವ ಲೋಟ ಗುರುತು ಮಾಡಿಟ್ಟುಕೊಳ್ಳಿ. ಹಿಟ್ಟು ಒಂದು ಲೋಟ ಆದರೆ ನೀರು ಹೆಚ್ಚುಕಡಿಮೆ ಎರಡು ಲೋಟ. ಒಂದು ಚಮಚ ಹಿಟ್ಟನ್ನ ತಣ್ಣೀರಲ್ಲಿ ಕದಡಿ ಎಸರಿಗೆ ಬಿಡಿ. ಕುದಿ ಬಂದಾಗ ಉಳಿದ ಹಿಟ್ಟನ್ನ ನಡುವೆ ಗುಡ್ಡೆ ಹಾಕಿ. ಆಗ ತಿರುವಬೇಡಿ! ಉರಿ ತಗ್ಗಿಸಿ ನಾಲ್ಕೈದು ನಿಮಿಷ ಸುಮ್ನೆ ಬಿಡಿ, ಹಿಟ್ಟಿನ ಸುತ್ತ ನೀರು ಉಕ್ಕಿ ಬರಲಿ. ಆಮೇಲೆ ಕೋಲಿನಿಂದ ತಪಲೆಯ ಅಂಚಿಗೆ ಒತ್ತಿ ಒತ್ತಿ ತಿರುವಿ, ಗಂಟು ಉಳಿಯಬಾರದು. ಮುಚ್ಚಿ ಎರಡು ನಿಮಿಷ ಹಬೆಯಲ್ಲಿಡಿ. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ ಅಂತ ಲೆಕ್ಕ. ಮುದ್ದೆ ಕಟ್ಟಿದರೆ ಕಿತ್ತಳೆ ಹಣ್ಣಿನಷ್ಟಾಗುತ್ತೆ. ನೋಡಿದ ತಕ್ಷಣ "ಇಷ್ಟೇನಾ?" ಅನ್ನಿಸುತ್ತೆ, ನನಗೂ ಅನ್ನಿಸಿತ್ತು.

ಹೊಟ್ಟೆ ತುಂಬಿಸೋದು ಬಸ್ಸಾರಿನ ಕೆಲಸ. ಅಲಸಂದೆ ಕಾಳೋ ಹೆಸರುಕಾಳೋ ಬೇಯಿಸಿ, ದಂಟಿನ ಸೊಪ್ಪು ಹಾಕಿ, ಕಟ್ಟು ಬಸಿದು ಸಾರು ಮಾಡಿ. ಉಳಿದ ಸೊಪ್ಪು-ಕಾಳು ಪಲ್ಯಕ್ಕೆ. ಮುಂಚೆ ನಮ್ಮ ತಟ್ಟೆಯಲ್ಲಿ ಪಲ್ಯ ನಂಚಿಕೊಳ್ಳುವಷ್ಟಿತ್ತು, ಈಗ ಎರಡು ಸೌಟು. ಅದನ್ನ ಮೊದಲು ತಿನ್ನಿ, ಚೆನ್ನಾಗಿ ಅಗಿದು. ಮುದ್ದೆ ಅಗಿಯೋದಲ್ಲ, ನುಂಗೋದು ಅಲ್ವಾ? ಹಸಿದ ಹೊಟ್ಟೆಗೆ ಅದನ್ನೇ ಮೊದಲು ಇಳಿಸಿದರೆ ಐದು ನಿಮಿಷದಲ್ಲಿ ಖಾಲಿ, ಕೈ ಇನ್ನೊಂದಕ್ಕೆ ಹೋಗುತ್ತೆ. ಉಪ್ಪು ಹಿಡಿತದಲ್ಲಿರಲಿ, ದಿನಕ್ಕೆ 5 ಗ್ರಾಂ ಅಂದರೆ ಒಂದು ಟೀ ಚಮಚ, ಉಪ್ಪಿನಕಾಯಿಯದೂ ಸೇರಿ. ಊಟ ಆದ ತಕ್ಷಣ ಟೀ ಬೇಡ, ಸೊಪ್ಪು-ಕಾಳಿನ ಕಬ್ಬಿಣ ಮೈಗೆ ಹತ್ತಲು ಅದು ಅಡ್ಡಿ.

ಶುಗರ್ ಮಾತ್ರೆ ತಗೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ಡಾಕ್ಟರನ್ನ ಕೇಳಿ. ಮಾತ್ರೆಯನ್ನ ನೀವೇ ನಿಲ್ಲಿಸಬೇಡಿ. ಕಿಡ್ನಿ ತೊಂದರೆ ಇದ್ದವರೂ ಕೇಳಿಯೇ ಸೊಪ್ಪು-ಕಾಳು ಜಾಸ್ತಿ ಮಾಡಲಿ.

ನಮ್ಮವ್ವ ಎರಡು ಮುದ್ದೆ ಉಂಡು ಸಂಜೆತನಕ ಕಳೆ ಕೀಳುತ್ತಿದ್ದಳು. ಅವಳ ಊಟ ನನಗೆ ಬಂತು, ಹೊಲ ಬರಲಿಲ್ಲ. ಅದಕ್ಕೇ ಊಟ ಆದ ಮೇಲೆ ಹದಿನೈದು ನಿಮಿಷ ಬೀದಿಯಲ್ಲಿ ಅಡ್ಡಾಡುತ್ತೇನೆ, ಚಪ್ಪಲಿಯಲ್ಲೇ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಬೇಕಂತೆ, ಅದಕ್ಕೆ ಬೆಳಿಗ್ಗೆ ಬೇರೆ ಅರ್ಧ ಗಂಟೆ.

ತೂಕಕ್ಕಿಂತ ನನ್ನ ಟೇಪನ್ನೇ ನಂಬುತ್ತೇನೆ. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರಬಾರದು, ಗಂಡಸರಿಗೆ 90. ಉಸಿರು ಬಿಟ್ಟು ಅಳೆಯಿರಿ, ಹೊಟ್ಟೆ ಒಳಗೆಳೆದು ಟೇಪಿಗೆ ಮೋಸ ಮಾಡಬೇಡಿ. ಗಿರಾಕಿಗಳು ದಿನಾ ಮಾಡುವ ಕೆಲಸ ಅದು! ನಂದು 37 ಇಂಚಿತ್ತು, ಏಳು ತಿಂಗಳಲ್ಲಿ ಮೂವತ್ತನಾಲ್ಕೂವರೆ. 80 ಸೆಂಟಿಮೀಟರ್ ಅಂದರೆ ಮೂವತ್ತೊಂದೂವರೆ ಇಂಚು, ಇನ್ನೂ ದೂರ ಇದೆ.

ಲಂಗ, ದಿಂಬಿನ ಕವರಿನಂಥ ಉದ್ದ ಹೊಲಿಗೆ ಬಂದರೆ ಮೋಟಾರಿನ ಬೆಲ್ಟ್ ಕಳಚಿ, ಹಳೇ ತೊಗಲಿನ ಬೆಲ್ಟ್ ಹಾಕಿ ಪೆಡಲ್ ತುಳಿಯುತ್ತೇನೆ. ಕರೆಂಟ್ ಹೋಗಿದೆಯಾ ಅಕ್ಕ ಅಂತ ಕೇಳುತ್ತಾರೆ. ಹೂಂ ಅಂದುಬಿಡುತ್ತೇನೆ.