ಹಳೇ ಬಣ್ಣದ ಹಲಗೆಯನ್ನು ಉಜ್ಜುವ ಮೊದಲು

ಬಾರ್ಕೂರಿನ ಅತ್ತೆ ಮನೆಯಲ್ಲಿ ದೇವರ ಕೋಣೆಯ ಬಾಗಿಲ ಮೇಲೆ ಒಂದು ಹಲಸಿನ ಹಲಗೆ ಇದೆ. ಕೆಂಪು ನೆಲ, ನೀಲಿ ಬಳ್ಳಿ, ಬಿಳಿ ಹೂ. ಹೋದ ಬೇಸಿಗೆಯಲ್ಲಿ ಭಾವ ಮರಳು ಕಾಗದ, ಎನಾಮೆಲ್ ಡಬ್ಬಿ ತಂದಿಟ್ಟಿದ್ದರು. "ಭಾವ, ಒಂದು ವಾರ ಬಿಡಿ" ಎಂದು ಕೇಳಿಕೊಂಡೆ. ಉಡುಪಿಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಹಳೇ ಬಣ್ಣ ಯಾವುದರಿಂದ ಮಾಡಿದ್ದು, ಎಷ್ಟು ಪದರ ಎಂದು ತಿಳಿಯಲು ಆ ವಾರ ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು.

ಮೊದಲು ಸುಮ್ನೆ ನೋಡಿ. ಟಾರ್ಚನ್ನು ಪಕ್ಕದಿಂದ, ಓರೆಯಾಗಿ ಹಿಡಿಯಿರಿ. ಕುಂಚದ ಗೀರು, ಬಣ್ಣ ಎದ್ದ ಜಾಗ, ಹಳೆ ಗೆರೆಯ ಮೇಲೆ ಹೊಸ ಗೆರೆ ಎಲ್ಲವೂ ಕಾಣುತ್ತದೆ. ಫೋಟೋ ತೆಗೆದಿಡಿ. ದೈವದ ಮೊಗವೋ ದೇವಸ್ಥಾನದ ವಸ್ತುವೋ ಆದರೆ ಹಿರಿಯರ ಒಪ್ಪಿಗೆ ಇಲ್ಲದೆ ಮುಟ್ಟಬೇಡಿ.

ಮಾದರಿ ತೆಗೆಯುವುದು ಈಗಾಗಲೇ ಒಡೆದ ಅಂಚಿನಿಂದ ಮಾತ್ರ. ಸಾಸಿವೆ ಕಾಳಿಗಿಂತ ಚಿಕ್ಕ ಚೂರು ಸಾಕು. ಎಲ್ಲಿಂದ ತೆಗೆದದ್ದು ಎಂದು ಫೋಟೋ ಮೇಲೆ ಗುರುತು ಹಾಕಿ. ಕೈಗವಸು ಹಾಕಿಕೊಳ್ಳಿ. ಹಳೇ ಕೆಂಪಿನಲ್ಲಿ ಸೀಸ ಅಥವಾ ಪಾದರಸ, ಹಳೇ ಹಳದಿಯಲ್ಲಿ ಅರದಾಳ, ಅಂದರೆ ಆರ್ಸೆನಿಕ್ ಇರಬಹುದು.

ಇನ್ನು ನಾನು ಮಾಡಿದ ತಪ್ಪು ಹೇಳಬೇಕು. ವರ್ಷಗಳ ಹಿಂದೆ ಇನ್ನೊಂದು ಹಲಗೆಯ ಬಣ್ಣವನ್ನು ಕೆರೆದು ಪುಡಿ ಮಾಡಿ ಪರೀಕ್ಷಿಸಿದ್ದೆ. ಕಬ್ಬಿಣವೂ ಬಂತು, ಸೀಸವೂ ಬಂತು. ಎರಡನ್ನೂ ಕಲಸಿ ಬಳಿದಿದ್ದಾರೆ ಅಂದುಕೊಂಡೆ. ನಿಜಕ್ಕೂ ಅವು ಒಂದರ ಮೇಲೊಂದು ಇದ್ದ ಎರಡು ಪದರ. ಆದ್ದರಿಂದ ಒಂದು ಚೂರನ್ನಾದರೂ ಅಡ್ಡ ಸೀಳಿ ನೋಡಲೇಬೇಕು. ಚೂರನ್ನು ಪಾರದರ್ಶಕ ರೆಸಿನ್‌ನಲ್ಲಿ ಹುದುಗಿಸಿ. ಗಟ್ಟಿಯಾದ ಮೇಲೆ 400, 800, 1200 ನಂಬರಿನ ಮರಳು ಕಾಗದದಲ್ಲಿ ನೀರು ಹಾಕಿ ತಿಕ್ಕಿ. ಮೇಲಿನಿಂದ ಬೆಳಕು ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿ.

ನಮ್ಮ ಹಲಗೆಯಲ್ಲಿ ಕಂಡದ್ದು ಇದು: ಮರದ ಮೇಲೆ ತೆಳು ಬಿಳಿ, ಅದರ ಮೇಲೆ ಕಂದುಗೆಂಪು, ಆಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ, ಅದರ ಮೇಲೆ ಉಜ್ವಲ ಕೆಂಪು. ಆ ಕಪ್ಪು ಗೆರೆ ದೀಪದ ಮಸಿ. ಮೊದಲ ಬಣ್ಣದ ಮುಂದೆ ಎಷ್ಟೋ ವರ್ಷ ದೀಪ ಉರಿದ ಮೇಲೆ ಯಾರೋ ಮತ್ತೆ ಬಳಿದಿದ್ದಾರೆ. ಅದನ್ನು ನೋಡಿದಾಗ ಮೈ ಜುಮ್ಮೆಂದಿತು.

ಈಗ ಹನಿ ಪರೀಕ್ಷೆ. ಒಂದೊಂದು ಪದರದ ಕಣವನ್ನು ಬೇರೆ ಬೇರೆ ಗಾಜಿನ ಸ್ಲೈಡಿನ ಮೇಲಿಡಿ. ಮೊದಲು ಗೊತ್ತಿರುವ ವಸ್ತುವಿನ ಮೇಲೆ ಮಾಡಿ ನೋಡಿ: ಸುಣ್ಣ, ಗದ್ದೆ ಬದಿಯ ಕೆಮ್ಮಣ್ಣು, ಬಿಳಿ ಬಟ್ಟೆಗೆ ಹಾಕುವ ಹಳೇ ಕಾಲದ ನೀಲಿ ಪುಡಿ.

ಬಿಳಿಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟೆ. ನೊರೆ ಬಂತು. ಸುಣ್ಣವೋ ಸೀಸದ ಬಿಳಿಯೋ? ಎರಡೂ ನೊರೆ ಬರಿಸುತ್ತವೆ. ಇನ್ನೊಂದು ಕಣವನ್ನು ತೆಳು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಒಣಗಿಸಿ, ಒಂದು ಹನಿ ನೀರು ಮತ್ತು ಪೊಟ್ಯಾಸಿಯಂ ಅಯೋಡೈಡ್ ಹಾಕಿದೆ. ಸೀಸವಾಗಿದ್ದರೆ ಕಣ್ಣು ಕುಕ್ಕುವ ಹಳದಿ ಬರಬೇಕಿತ್ತು. ಬರಲಿಲ್ಲ. ಸುಣ್ಣವೇ.

ಕಂದುಗೆಂಪನ್ನು ಬೆಚ್ಚಗಿನ ಹೈಡ್ರೋಕ್ಲೋರಿಕ್ ಆಮ್ಲದಲ್ಲಿಟ್ಟು ಪೊಟ್ಯಾಸಿಯಂ ಫೆರೋಸಯನೈಡ್ ಹಾಕಿದರೆ ಗಾಢ ನೀಲಿ. ಅಂದರೆ ಕಬ್ಬಿಣ, ನಮ್ಮ ಕಾವಿ ಮಣ್ಣು. ಒಂದು ಎಚ್ಚರಿಕೆ: ನಮ್ಮ ಊರಿನಲ್ಲಿ ಧೂಳೇ ಕೆಮ್ಮಣ್ಣು, ಅಲ್ವಾ? ಹಲಗೆಯ ಹಿಂಬದಿಯ ಧೂಳಿಗೂ ಇದೇ ಪರೀಕ್ಷೆ ಮಾಡಿ. ಅಲ್ಲೂ ಅಷ್ಟೇ ನೀಲಿ ಬಂದರೆ ನಿಮ್ಮ ಉತ್ತರ ನಂಬಲಾಗದು.

ಮೇಲಿನ ಕೆಂಪು ನೈಟ್ರಿಕ್ ಆಮ್ಲ ತಾಗಿದ ಕೂಡಲೇ ಕಡು ಕಂದಾಯಿತು. ಇದು ಸೀಸದ ಸಿಂಧೂರದ ಗುಣ. ಪಾದರಸದ ಕೆಂಪು, ಅಂದರೆ ಇಂಗಳೀಕವಾಗಿದ್ದರೆ ಬಣ್ಣ ಬದಲಾಗುತ್ತಿರಲಿಲ್ಲ. ತಿಳಿ ದ್ರವವನ್ನು ಪಕ್ಕಕ್ಕೆಳೆದು, ಒಣಗಿಸಿ ಅಯೋಡೈಡ್ ಹಾಕಿದೆ. ಹಳದಿ ಬಂತು.

ನೀಲಿಯೇ ಜಾಸ್ತಿ ಮಾತಾಡಿತು. ಅಲ್ಟ್ರಾಮರೀನ್ ಎಂಬ ನೀಲಿ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬಣ್ಣ ಕಳೆದುಕೊಂಡು ಕೊಳೆತ ಮೊಟ್ಟೆಯ ವಾಸನೆ ಬಿಡುತ್ತದೆ. ಆ ಅನಿಲ ವಿಷ, ಮೂಸಬೇಡಿ. ಮೇಲೆ ಹಿಡಿದ ಲೆಡ್ ಅಸಿಟೇಟ್ ಕಾಗದ ಕಪ್ಪಾದರೆ ಸಾಕು. ಪ್ರಷ್ಯನ್ ಬ್ಲೂ ಈ ಆಮ್ಲಕ್ಕೆ ಜಗ್ಗುವುದಿಲ್ಲ, ಕಾಸ್ಟಿಕ್ ಸೋಡಾಕ್ಕೆ ಕಂದಾಗುತ್ತದೆ. ಗಿಡದ ನೀಲಿ, ಅಂದರೆ ಇಂಡಿಗೋ, ಇವೆರಡಕ್ಕೂ ಜಗ್ಗುವುದಿಲ್ಲ. ನಮ್ಮದು ಅಲ್ಟ್ರಾಮರೀನ್. ಕಲ್ಲು ಅರೆದು ಮಾಡಿದ್ದಾದರೆ ಕಣಗಳು ಒರಟು, ಮೂಲೆ ಮೂಲೆ. ನಮ್ಮದರಲ್ಲಿ ಎಲ್ಲವೂ ಸಣ್ಣ, ದುಂಡು, ಒಂದೇ ಗಾತ್ರ. ಕಾರ್ಖಾನೆಯ ಅಲ್ಟ್ರಾಮರೀನ್ ತಯಾರಿಸುವ ದಾರಿ ಫ್ರಾನ್ಸಿನಲ್ಲಿ ಸಿಕ್ಕಿದ್ದು 1828ರ ಸುಮಾರಿಗೆ. ಹಲಗೆ ಮುನ್ನೂರು ವರ್ಷದ್ದು ಎಂದು ಮನೆಯಲ್ಲಿ ಹೇಳುತ್ತಿದ್ದರು. ಬಳ್ಳಿಯಂತೂ ಅಷ್ಟು ಹಳೆಯದಲ್ಲ. ಕೆಳಗಿನ ಕಾವಿ ಹಳೆಯದಿರಬಹುದು. ಮಣ್ಣಿಗೆ ತಾರೀಕು ಇಲ್ಲ.

ಬಣ್ಣ ಹಿಡಿದ ಅಂಟು ಯಾವುದು? ನೀರಿನ ಹನಿಗೆ ಕಣ ಮೆತ್ತಗಾದರೆ ಗೋಂದು ಅಥವಾ ಮರವಜ್ರ, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟು. ಪ್ರೋಟೀನ್ ತೋರಿಸಿಕೊಡುವ ನಿನ್‌ಹೈಡ್ರಿನ್ ಹಾಕಿ ಬಿಸಿ ಮಾಡಿದಾಗ ನೇರಳೆ ಬಂದರೆ ಮರವಜ್ರದ ಕಡೆಗೆ ವಾಲಬಹುದು. ಎಣ್ಣೆ ಬಣ್ಣ ನೀರಿಗೆ ಅಲುಗುವುದಿಲ್ಲ. ಬಣ್ಣ ಹಿಡಿದಿಡುವ ರೀತಿಯ ವ್ಯತ್ಯಾಸ ಕಣ್ಣಲ್ಲೇ ಅರಿಯಬೇಕಾದರೆ ಮಂಗಳೂರಿನ ಲೈಟ್‌ಹೌಸ್ ಹಿಲ್‌ನ ಅಲೋಶಿಯಸ್ ಚಾಪೆಲಿಗೆ ಹೋಗಿ. ಇಟಲಿಯ ಆಂಟೋನಿಯೋ ಮೊಸ್ಕೇನಿ ಗೋಡೆಗೆ ಹಸಿ ಸುಣ್ಣದ ಗಾರೆಯ ಮೇಲೆ ಬರೆದರು, ಚಾವಣಿಗೆ ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣದಲ್ಲಿ. ಗೋಡೆಯಲ್ಲಿ ಅಂಟೇ ಬೇಡ, ಸುಣ್ಣ ಗಾಳಿಯೊಡನೆ ಸೇರಿ ಕಲ್ಲಾಗುವಾಗ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಅಲ್ಲಿ ನೋಡುವುದಷ್ಟೇ, ಮುಟ್ಟುವಂತಿಲ್ಲ.

ಇದರಿಂದಾಚೆಗೆ ಬೆಳಕು, ಎಕ್ಸ್‌ರೇ ಬಿಟ್ಟು ವಸ್ತು ಯಾವುದೆಂದು ಗುರುತಿಸುವ ರಾಮನ್, ಎಕ್ಸ್‌ರೇ ಫ್ಲೋರೆಸೆನ್ಸ್ ಉಪಕರಣ ಬೇಕು. ಸುರತ್ಕಲ್, ಮಣಿಪಾಲ, ಕೊಣಾಜೆಯ ವಿದ್ಯಾಸಂಸ್ಥೆಗಳಲ್ಲಿ ವಿಚಾರಿಸಿ. ಹೋಗುವಾಗ "ಇದೇನು ನೋಡಿ" ಎನ್ನಬೇಡಿ. "ಈ ಪದರದ ಹಸಿರಿನಲ್ಲಿ ತಾಮ್ರವಿದೆಯಾ" ಎಂದು ಒಂದೇ ಪ್ರಶ್ನೆ ಒಯ್ಯಿರಿ.

ಉಳಿದ ಚೂರುಗಳನ್ನು ಎಸೆಯಬೇಡಿ. ಸಣ್ಣ ಗಾಜಿನ ಬಾಟಲಿಗೆ ಹಾಕಿ, ದಿನಾಂಕ, ಜಾಗ ಬರೆದು ಅಂಟಿಸಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ, ನಮ್ಮ ಆಟಿ ತಿಂಗಳ ಮಳೆಯ ತೇವಕ್ಕೆ ಬೂಸಲು ಬಂದೀತು. ನನ್ನ ಆರು ಬಾಟಲಿ ಅತ್ತೆಯ ದೇವರ ಕೋಣೆಯ ಗೂಡಿನಲ್ಲೇ ಇವೆ.